ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಶೋಗಳು

ಟಿವಿಯ ಬೆನ್ನಿಗೆ ಎರಡು ತಂತಿ ಸಿಕ್ಕಿಸಿ, ನಾಲ್ಕು ಪೆನ್ಸಿಲ್ ಸೆಲ್ ಹಾಕಿ, ಗುಂಡಿ ಒತ್ತಿದ ಕೂಡಲೇ ಶುರುವಾಗುವ ಆಟದ ಪೆಟ್ಟಿಗೆಗಳು 2000ರ ದಶಕದಲ್ಲಿ ಅಮೆರಿಕದ ಆಟಿಕೆ ಅಂಗಡಿಗಳಲ್ಲಿ ಸಾಲುಸಾಲಾಗಿ ತೂಗುತ್ತಿದ್ದವು. ಹೆಚ್ಚಿನವು ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಆಟಗಳನ್ನು ತುಂಬಿಕೊಂಡಿದ್ದರೂ, ಒಂದು ಸಣ್ಣ ಪಂಗಡ ಮಾತ್ರ ಟಿವಿಯಲ್ಲಿ ಬರುತ್ತಿದ್ದ ಗೇಮ್ ಶೋಗಳನ್ನೇ ಅದೇ ಟಿವಿಯ ಮೇಲೆ ಆಡುವಂತೆ ಮಾಡಿಕೊಟ್ಟಿತ್ತು. ನನ್ನ ಆಸಕ್ತಿ ಈ ಪಂಗಡದ ಮೇಲೆ. ಗೇಮ್ ಶೋ ಒಂದರಿಂದ ನಿಜವಾದ ಹಣ, ಮಾತಿನ ಮಲ್ಲನಾದ ನಿರೂಪಕ, ಚಪ್ಪಾಳೆ ತಟ್ಟುವ ಜನ ಇಷ್ಟನ್ನೂ ತೆಗೆದುಬಿಟ್ಟರೆ ಕೈಯಲ್ಲಿ ಉಳಿಯುವ ಆಟ ಎಷ್ಟು ಗಟ್ಟಿಯಾದದ್ದು ಎಂಬುದು ಈ ಪೆಟ್ಟಿಗೆಗಳಲ್ಲಿ ಬಯಲಾಗುತ್ತದೆ. ಟಿವಿಯಲ್ಲಿ ಅತಿ ದೊಡ್ಡದಾಗಿ ಕಂಡ ಶೋ ಇಲ್ಲಿ ಅತಿ ಬೇಗ ಸೊರಗುವುದನ್ನೂ, ಬರಿಯ ಅದೃಷ್ಟದಾಟವೆಂದು ಮೂಗು ಮುರಿಯಲಾಗಿದ್ದ ಶೋ ವರ್ಷಗಟ್ಟಲೆ ಬಾಳುವುದನ್ನೂ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಇವು ನಮ್ಮ ಮನೆಗೆ ಬಂದದ್ದು ಅಕ್ಕ ಭಾವನಿಂದ. ಅವರು ನ್ಯೂಜೆರ್ಸಿಯಲ್ಲಿದ್ದ ಕಾಲದಲ್ಲಿ, ವಾರದ ಕೊನೆಗೆ ನೆರೆಹೊರೆಯವರು ಗ್ಯಾರೇಜಿನ ಮುಂದೆ ಹಳೆಯ ಸಾಮಾನು ಹರವಿಕೊಂಡು ಮಾರುವಾಗ, ಹೊಸದಾಗಿದ್ದರೆ 20 ಡಾಲರಿನ ಆಸುಪಾಸು ಬೆಲೆಯ ಇಂಥ ಪೆಟ್ಟಿಗೆಗಳನ್ನು ಪುಡಿಗಾಸಿಗೆ ಕೊಂಡು, ಮೈಸೂರಿಗೆ ಮರಳುವಾಗ ಬಟ್ಟೆಗಳ ನಡುವೆ ಸುತ್ತಿ ತಂದರು. ತಂದ ಮೇಲೆ ಗೊತ್ತಾದ ಮೊದಲ ಸಂಗತಿಯೆಂದರೆ ಅಮೆರಿಕದ ಪೆಟ್ಟಿಗೆ ಕಳಿಸುವುದು ಎನ್‌ಟಿಎಸ್‌ಸಿ ಸಂಕೇತ, ನಮ್ಮ ಟಿವಿ ಪ್ರಸಾರದ ಪದ್ಧತಿ ಪಾಲ್. ಅಲ್ಲಿ 525 ಗೆರೆ ಮತ್ತು ಸೆಕೆಂಡಿಗೆ ಸುಮಾರು 30 ಚಿತ್ರ, ಇಲ್ಲಿ 625 ಗೆರೆ ಮತ್ತು 25 ಚಿತ್ರ. ಎರಡನ್ನೂ ಅರ್ಥಮಾಡಿಕೊಳ್ಳುವ ಟಿವಿಯಾದರೆ ತೊಂದರೆಯಿಲ್ಲ. ಅಮ್ಮನ ಕೋಣೆಯ ಹಳೆಯ ಟಿವಿ ಹಾಗಿರಲಿಲ್ಲವಾಗಿ ಚಿತ್ರ ಕಪ್ಪುಬಿಳುಪಿನಲ್ಲಿ ಬಂದು ಆಗಾಗ ಮೇಲಕ್ಕೆ ಉರುಳುತ್ತಿತ್ತು. ಹಜಾರದ ಟಿವಿಯಲ್ಲಿ ಬಣ್ಣ ಸರಿಯಾಗಿ ಮೂಡಿತು. ಹಳದಿ ಪಿನ್ನು ಚಿತ್ರಕ್ಕೆ, ಬಿಳಿ ಪಿನ್ನು ಧ್ವನಿಗೆ. ಕೆಂಪು ತೂತು ಖಾಲಿಯೇ ಇರುತ್ತದೆ, ಏಕೆಂದರೆ ಧ್ವನಿ ಒಂದೇ ವಾಹಿನಿಯದು.

ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಬಳಕೆಯಲ್ಲಿದ್ದ ವಿಡಿಯೋ ಗೇಮ್‌ಗೆ ಕ್ಯಾಸೆಟ್ ಹಾಕಬೇಕಿತ್ತು, ಅಡಾಪ್ಟರ್ ಬೇಕಿತ್ತು. ಈ ಪೆಟ್ಟಿಗೆಗಳಲ್ಲಿ ಎರಡೂ ಇಲ್ಲ. ಸ್ಕ್ರೂ ಬಿಚ್ಚಿ ನೋಡಿದರೆ ಅಂಗೈಗಿಂತ ಚಿಕ್ಕದಾದ ಒಂದು ಸರ್ಕ್ಯೂಟ್ ಹಲಗೆ, ಅದರ ನಡುವೆ ಕರಿ ಅಂಟಿನ ಉಬ್ಬಿದ ಬೊಟ್ಟು. ಚಿಪ್ಪನ್ನು ನೇರವಾಗಿ ಹಲಗೆಗೆ ಅಂಟಿಸಿ, ಕೂದಲೆಳೆಯ ತಂತಿಗಳಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದು ಮುಚ್ಚುವುದು ಅಗ್ಗದ ವಿಧಾನ. ಅದರ ಮೇಲೆ ಹೆಸರು, ಸಂಖ್ಯೆ ಏನೂ ಇರುವುದಿಲ್ಲ. ಇಂಥ ಬಹಳಷ್ಟು ಆಟಿಕೆಗಳ ಒಳಗೆ ಇದ್ದದ್ದು ತೈವಾನಿನ ಸನ್‌ಪ್ಲಸ್ ಕಂಪನಿಯ 16 ಬಿಟ್ ಚಿಪ್ಪು. ಇನ್ನು ಕೆಲವದರಲ್ಲಿ ಜಪಾನಿನ ಝಾವಿಕ್ಸ್, ಮತ್ತೆ ಕೆಲವದರಲ್ಲಿ ನಿಂಟೆಂಡೊ ಯಂತ್ರವನ್ನೇ ಒಂದು ಚಿಪ್ಪಿಗೆ ಇಳಿಸಿದ ನಕಲು. ಲೆಕ್ಕ ಮಾಡುವುದು, ಚಿತ್ರ ಬಿಡಿಸುವುದು, ಧ್ವನಿ ಹೊರಡಿಸುವುದು ಮೂರೂ ಒಂದೇ ಚಿಪ್ಪಿನ ಕೆಲಸ. ಈ ಮಾರುಕಟ್ಟೆಯಲ್ಲಿ ಮುಂದಿದ್ದ ಕ್ಯಾಲಿಫೋರ್ನಿಯಾದ ಜ್ಯಾಕ್ಸ್ ಪೆಸಿಫಿಕ್ 2002ರಲ್ಲಿ ಟಾಯ್‌ಮ್ಯಾಕ್ಸ್ ಎಂಬ ಕಂಪನಿಯನ್ನು ಕೊಂಡು, ಹಳೆಯ ಅಟಾರಿ ಆಟಗಳನ್ನು ಒಳಗೆ ತುಂಬಿದ ಅದರ ಜಾಯ್‌ಸ್ಟಿಕ್ಕಿನ ಯಶಸ್ಸನ್ನು ಮುಂದುವರಿಸಿತು. ಆ ದಶಕದ ನಡುವೆ ವ್ಹೀಲ್ ಆಫ್ ಫಾರ್ಚೂನ್, ಡೀಲ್ ಆರ್ ನೋ ಡೀಲ್ ಮುಂತಾದ ಶೋಗಳ ಹಕ್ಕು ಪಡೆದು ಅವನ್ನೂ ಇದೇ ಸಾಲಿಗೆ ಸೇರಿಸಿತು. ಅಜ್ಜ, ಮೊಮ್ಮಗಳು ಒಟ್ಟಿಗೆ ಕೂರಬಹುದಾದ, ಬೆರಳಿನ ಚಳಕ ಬೇಡದ, ನಿಯಮ ಎಲ್ಲರಿಗೂ ಮೊದಲೇ ಗೊತ್ತಿರುವ ಆಟ ಬೇಕೆಂದರೆ ಗೇಮ್ ಶೋಗಿಂತ ಒಳ್ಳೆಯ ಸರಕು ಇನ್ನೊಂದಿರಲಿಲ್ಲ.

ಕೋಟ್ಯಧಿಪತಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಕೈ ಹಾಕಿದ್ದು ಅದಕ್ಕೆ. 1998ರ ಸೆಪ್ಟೆಂಬರ್ 4ರಂದು ಬ್ರಿಟನ್ನಿನ ಐಟಿವಿಯಲ್ಲಿ ಕ್ರಿಸ್ ಟ್ಯಾರಂಟ್ ಆರಂಭಿಸಿದ ಈ ಶೋ, 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ಅವರ ಬಾಯಲ್ಲಿ ಹಿಂದಿಯಾಗಿ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಬಾಯಲ್ಲಿ ಕನ್ನಡವಾಗಿ ನಮ್ಮ ಮನೆಗಳಿಗೆ ಬಂದಿತ್ತಾದ್ದರಿಂದ, ಪೆಟ್ಟಿಗೆಯ ಮೇಲಿನ ಎ, ಬಿ, ಸಿ, ಡಿ ಎಂಬ ನಾಲ್ಕು ಗುಂಡಿಗಳನ್ನು ನೋಡಿದೊಡನೆ ಅಮ್ಮನಿಗೂ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಟಿವಿಯಲ್ಲಿ ಈ ಆಟವನ್ನು ಎತ್ತಿ ಹಿಡಿದದ್ದು ಪ್ರಶ್ನೆಗಳಿಗಿಂತ ಹೆಚ್ಚಾಗಿ ಧ್ವನಿ: ಕೀತ್ ಮತ್ತು ಮ್ಯಾಥ್ಯೂ ಸ್ಟ್ರಾಹನ್ ಎಂಬ ತಂದೆ ಮಗ ಕಟ್ಟಿದ ಆ ಎದೆಬಡಿತದ ಸಂಗೀತ, ಉತ್ತರ ಲಾಕ್ ಆದ ಮೇಲಿನ ಆ ಉದ್ದನೆಯ ಮೌನ, ನಿರೂಪಕನ ಹುಬ್ಬು. ಆಟಿಕೆಯವನೂ ಇದನ್ನು ಬಲ್ಲ. ಹಾಗಾಗಿ ಇಂಥ ಪೆಟ್ಟಿಗೆಯಲ್ಲಿ ಜಾಗವನ್ನು ನುಂಗುವುದು ಧ್ವನಿಯೇ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಇಂಗ್ಲಿಷ್ ಪ್ರಶ್ನೆಗೆ 70 ಅಕ್ಷರ, ನಾಲ್ಕು ಆಯ್ಕೆಗಳಿಗೆ ತಲಾ 15 ಅಕ್ಷರ ಎಂದಿಟ್ಟುಕೊಂಡರೆ, ಅಕ್ಷರಕ್ಕೊಂದು ಬೈಟಿನಂತೆ ಒಟ್ಟು 130 ಬೈಟು ಸಾಕು. ಅದೇ ನಿರೂಪಕನ ಮಾತನ್ನು ದೂರವಾಣಿಯ ಗುಣಮಟ್ಟಕ್ಕೆ ಇಳಿಸಿ, ಸೆಕೆಂಡಿಗೆ ಧ್ವನಿಯ 8,000 ಮಾದರಿಗಳನ್ನು ತಲಾ 4 ಬಿಟ್ಟಿನಲ್ಲಿ, ಅಂದರೆ ಅರ್ಧ ಬೈಟಿನಲ್ಲಿ, ಅದುಮಿಟ್ಟರೂ ಸೆಕೆಂಡಿಗೆ 4,000 ಬೈಟು, ಒಂದು ನಿಮಿಷಕ್ಕೆ 2,40,000 ಬೈಟು ಬೇಕಾಗುತ್ತದೆ. ಅಂದರೆ ಒಂದು ನಿಮಿಷದ ಮಾತು ಆಕ್ರಮಿಸುವ ಜಾಗದಲ್ಲಿ 1,800ಕ್ಕೂ ಹೆಚ್ಚು ಪ್ರಶ್ನೆಗಳನ್ನು ಇಡಬಹುದಿತ್ತು. ಪ್ರಶ್ನೆಗಳನ್ನು ಬರೆಸಿ, ಒಂದೊಂದರ ಉತ್ತರವನ್ನೂ ಪರಿಶೀಲಿಸಿ, ಕಷ್ಟದ ಮೆಟ್ಟಿಲಿಗೆ ತಕ್ಕಂತೆ ವಿಂಗಡಿಸುವುದಕ್ಕೆ ತಗಲುವ ಸಂಬಳ ಬೇರೆ. ಪ್ರಶ್ನೆಯ ಸಂಗ್ರಹ ಎಷ್ಟು ಎಂಬುದು ರಟ್ಟಿನ ಡಬ್ಬಿಯನ್ನು ನೋಡಿ ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ. ಗುಂಡಿ ಒತ್ತಿದಾಗ ಆ ಸಂಗೀತ ಬರಬೇಕು, ಅಷ್ಟೇ.

ಪರಿಣಾಮ ಏನೆಂದರೆ ಪ್ರಶ್ನೆಗಳು ಮರುಕಳಿಸುತ್ತವೆ, ಅದೂ ನಾವು ಎಣಿಸಿದ್ದಕ್ಕಿಂತ ಬಹಳ ಬೇಗ. ಒಂದು ಪೆಟ್ಟಿಗೆಯಲ್ಲಿ 1,000 ಪ್ರಶ್ನೆಗಳಿವೆ ಎನ್ನಿ, ಕೇಳುವುದಕ್ಕೆ ಧಾರಾಳವೇ. ಆದರೆ 15 ಮೆಟ್ಟಿಲುಗಳಿಗೆ ಹಂಚಿದಾಗ ಮೆಟ್ಟಿಲಿಗೆ ಸಿಗುವುದು 67ರಷ್ಟು ಮಾತ್ರ. ಯದೃಚ್ಛೆಯಾಗಿ ಆರಿಸಿದರೆ, ಪೂರ್ತಿ ಮೆಟ್ಟಿಲು ಹತ್ತುವ ಎರಡನೆಯ ಆಟದಲ್ಲೇ ಹಳೆಯ ಪ್ರಶ್ನೆಯೊಂದು ಎದುರಾಗುವ ಸಂಭವ ಶೇಕಡಾ 20, ಮೂರನೆಯದರಲ್ಲಿ ಶೇಕಡಾ 36. ಮೊದಲ ಮೆಟ್ಟಿಲಿನ ಪ್ರಶ್ನೆಯನ್ನಷ್ಟೇ ನೋಡಿದರೂ ಹತ್ತು ಆಟ ಮುಗಿಯುವಷ್ಟರಲ್ಲಿ ಅದು ಒಮ್ಮೆಯಾದರೂ ಮರುಕಳಿಸಿರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವುದಕ್ಕೂ ಗಣಿತ ಇದೇ. ಆಡಿದ ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಪಕ್ಕಕ್ಕಿಡುವ ವ್ಯವಸ್ಥೆಯಾದರೂ ಇದ್ದಿದ್ದರೆ ಇದನ್ನು ತಡೆಯಬಹುದಿತ್ತು. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಸ್ವಿಚ್ ಆರಿಸಿದೊಡನೆ ಅಂಕವೂ ಹೋಗುತ್ತದೆ, ನೆನಪೂ ಹೋಗುತ್ತದೆ. ಗಡಿಯಾರವೂ ಇಲ್ಲದ ಯಂತ್ರಕ್ಕೆ ಯದೃಚ್ಛೆ ಹುಟ್ಟುವುದು, ನಾವು ಶುರುವಿನ ಗುಂಡಿ ಒತ್ತಲು ಎಷ್ಟು ಹೊತ್ತು ತೆಗೆದುಕೊಂಡೆವು ಎಂಬಂಥ ಲೆಕ್ಕದಿಂದ. ತಯಾರಕರು ಅಲ್ಲಿ ಸೋಮಾರಿತನ ಮಾಡಿದ್ದರೆ ದಿನವೂ ಅದೇ ಸರಣಿ ಬಂದು ಕೂರುತ್ತದೆ. ಅಕ್ಕನ ಮಗನಂತೂ ರಜೆಯಲ್ಲಿ ಕೆಲವು ದಿನ ಆಡಿದ ಮೇಲೆ ಪ್ರಶ್ನೆಯನ್ನು ಪೂರ್ತಿ ಓದದೆ, ಅದರ ಮೊದಲ ಸಾಲಿನ ಆಕಾರ ನೋಡಿಯೇ ಗುಂಡಿ ಒತ್ತುವಷ್ಟು ಪಳಗಿದ್ದ. ಹಾಗೆ ಗೆದ್ದ ಹತ್ತು ಲಕ್ಷ ಡಾಲರಿಗೆ ಮನೆಯಲ್ಲಿ ಯಾರೂ ಕವಡೆ ಬೆಲೆ ಕೊಡಲಿಲ್ಲ.

ಜೀವದಾನಗಳ, ಅಂದರೆ ಲೈಫ್‌ಲೈನ್‌ಗಳ, ವಿಷಯ ಇನ್ನೂ ತಮಾಷೆಯದು. ಪ್ರೇಕ್ಷಕರ ಮತ ಎಂದು ಪರದೆಯ ಮೇಲೆ ಏಳುವ ನಾಲ್ಕು ಕಂಬಗಳ ಹಿಂದೆ ಪ್ರೇಕ್ಷಕರೇ ಇಲ್ಲ. ಸರಿಯುತ್ತರದ ಕಡೆ ಸ್ವಲ್ಪ ವಾಲಿಸಿ, ಪ್ರಶ್ನೆ ಕಠಿಣವಾದಷ್ಟೂ ಆ ವಾಲಿಕೆಯನ್ನು ಕಡಿಮೆ ಮಾಡಿ ಯಂತ್ರ ಹುಟ್ಟಿಸುವ ಸಂಖ್ಯೆಗಳು ಅವು. ಸ್ನೇಹಿತನಿಗೆ ಫೋನು ಮಾಡುವುದೂ ಅಷ್ಟೇ. ಪಕ್ಕದಲ್ಲೇ ಕೂತ ಭಾವನನ್ನು ಕೇಳುವ ಬದಲು ಇಲ್ಲದ ಗೆಳೆಯನನ್ನು ಕೇಳುವುದು ಯಾವ ನ್ಯಾಯ ಎಂದು ಅಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ನಾವು ಮನೆಯವರನ್ನೇ ಕೇಳುವ ನಿಯಮ ಮಾಡಿಕೊಂಡೆವು, ಆಟ ಸ್ವಲ್ಪ ಜೀವ ಹಿಡಿಯಿತು.

ಹಳಸುವಿಕೆಯ ಇನ್ನೊಂದು ಬಗೆಯೂ ಇದೆ. ಅಂಟಿನೊಳಗೆ ಹೂತುಹೋದ ಪ್ರಶ್ನೆಯನ್ನು ಯಾರೂ ತಿದ್ದಲಾರರು. 2006ರ ಆಗಸ್ಟ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟಿತು. ಅದಕ್ಕೆ ಮುಂಚೆ ತಯಾರಾದ ಪೆಟ್ಟಿಗೆಯಲ್ಲಿ ಸೌರಮಂಡಲದ ಗ್ರಹಗಳೆಷ್ಟು ಎಂಬ ಪ್ರಶ್ನೆ ಇದ್ದರೆ ಅದರ ಪಾಲಿಗೆ ಇವತ್ತಿಗೂ ಒಂಬತ್ತೇ ಸರಿ. ಜಗತ್ತಿನ ಅತಿ ಎತ್ತರದ ಕಟ್ಟಡ ಯಾವುದೆಂದರೆ ತೈಪೆ 101 ಎನ್ನುತ್ತದೆ, 2010ರ ಬುರ್ಜ್ ಖಲೀಫಾ ಅದಕ್ಕೆ ಕನಸಿನಲ್ಲೂ ಗೊತ್ತಿಲ್ಲ. ಶಾಲೆಯಲ್ಲಿ ಎಂಟು ಎಂದು ಕಲಿತ ಮಗು ಎಂಟನ್ನು ಒತ್ತಿ ಸೋತರೆ ಸಮಾಧಾನ ಮಾಡುವುದು ದೊಡ್ಡವರ ಪಾಡು.

ಐದನೆಯ ತರಗತಿಯ ಮಕ್ಕಳ ಬುದ್ಧಿಗೆ ದೊಡ್ಡವರು ಸವಾಲು ಹಾಕುವ ಶೋ 2007ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಬಂತು, 2008ರಲ್ಲಿ ಶಾರುಖ್ ಖಾನ್ ಅದನ್ನೇ ಹಿಂದಿಯಲ್ಲಿ ನಡೆಸಿಕೊಟ್ಟರು. ಅದರ ಅಮೆರಿಕದ ಆಟಿಕೆ ನಮ್ಮ ಮಕ್ಕಳಿಗೆ ಪ್ರಯೋಜನವಿಲ್ಲ. ಅಲ್ಲಿನ ರಾಜ್ಯಗಳ ರಾಜಧಾನಿಯನ್ನು ಮೈಸೂರಿನ ಐದನೆಯ ತರಗತಿ ಏಕೆ ಕಲಿಯಬೇಕು? ಜೆಪರ್ಡಿಯ ತೊಡಕು ಬೇರೆ. 1964ರಲ್ಲಿ ಮರ್ವ್ ಗ್ರಿಫಿನ್ ಹುಟ್ಟುಹಾಕಿದ, ಒಂದು ಸಂಚಿಕೆಗೆ 61 ಸುಳಿವುಗಳನ್ನು ಬೇಡುವ ಆ ಶೋನಲ್ಲಿ ಸ್ಪರ್ಧಿ ಬಾಯಿಬಿಟ್ಟು ಉತ್ತರ ಹೇಳಬೇಕು, ಅದೂ ಪ್ರಶ್ನೆಯ ರೂಪದಲ್ಲಿ. ಯಂತ್ರಕ್ಕೆ ಕಿವಿಯಿಲ್ಲ. 1988ರಲ್ಲಿ ನಿಂಟೆಂಡೊಗೆಂದು ಬ್ರಿಟನ್ನಿನ ರೇರ್ ಸಂಸ್ಥೆ ಇದನ್ನು ಮಾಡಿದಾಗ ಉತ್ತರದ ಒಂದೊಂದು ಅಕ್ಷರವನ್ನೂ ಪರದೆಯ ಮೇಲೆ ಆರಿಸಿ ಬರೆಯಬೇಕಿತ್ತು. ಆ ದಾರಿ ಹಿಡಿದರೆ ಕಾಗುಣಿತ ತಪ್ಪಿದವನು ಬಲ್ಲವನಾದರೂ ಸೋಲುತ್ತಾನೆ. ಆಯ್ಕೆಗಳನ್ನು ಕೊಟ್ಟುಬಿಟ್ಟರೆ ಅದು ಜೆಪರ್ಡಿಯೇ ಅಲ್ಲ.

ವ್ಹೀಲ್ ಆಫ್ ಫಾರ್ಚೂನ್ ಮಾತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಬಾಳಿತು. ಇದೂ ಮರ್ವ್ ಗ್ರಿಫಿನ್ನನದೇ; 1975ರ ಜನವರಿ 6ರಂದು ಎನ್‌ಬಿಸಿಯಲ್ಲಿ ಶುರುವಾಯಿತು. 24 ಹೋಳುಗಳ ಚಕ್ರವನ್ನು ತಿರುಗಿಸಬೇಕು, ಬಿದ್ದ ಮೊತ್ತಕ್ಕೆ ಒಂದು ವ್ಯಂಜನವನ್ನು ಹೇಳಬೇಕು, ಸ್ವರ ಬೇಕಾದರೆ 250 ಡಾಲರು ಕೊಟ್ಟು ಕೊಳ್ಳಬೇಕು. ಅಡಗಿಸಿಟ್ಟ ವಾಕ್ಯವನ್ನು ಮೊದಲು ಬಿಡಿಸಿದವನಿಗೆ ಅವನು ಕೂಡಿಟ್ಟ ಹಣ. ಕೊನೆಯ ಸುತ್ತಿನಲ್ಲಿ 1988ರಿಂದ ಆರ್, ಎಸ್, ಟಿ, ಎಲ್, ಎನ್ ಎಂಬ ವ್ಯಂಜನಗಳನ್ನೂ ಇ ಸ್ವರವನ್ನೂ ಶೋ ತಾನೇ ಕೊಡುತ್ತದೆ, ಎಲ್ಲರೂ ಹೇಗಿದ್ದರೂ ಅವನ್ನೇ ಕೇಳುತ್ತಿದ್ದರಿಂದ. ಇಲ್ಲೂ ವಾಕ್ಯಗಳು ಮರುಕಳಿಸುತ್ತವೆ. ಆದರೆ ಇಲ್ಲಿ ಉತ್ತರ ಗೊತ್ತಿದ್ದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ, ಬೇರೆಯೇ ಒಂದು ಆಟವಾಗುತ್ತದೆ: ವಾಕ್ಯ ನನಗೆ ಗೊತ್ತಿದೆ, ಈಗಲೇ ಹೇಳಿದರೆ 600 ಡಾಲರು, ಇನ್ನೆರಡು ಸಲ ತಿರುಗಿಸಿದರೆ 2,000 ಆಗಬಹುದು, ಆದರೆ ದಿವಾಳಿಯ ಕರಿ ಹೋಳಿನಲ್ಲಿ ಮುಳ್ಳು ನಿಂತರೆ ಎಲ್ಲವೂ ಸೊನ್ನೆಯಾಗಿ ಸರದಿ ಪಕ್ಕದವನ ಪಾಲಾಗುತ್ತದೆ, ಅವನಿಗೂ ವಾಕ್ಯ ಗೊತ್ತಿರಬಹುದು. ಅಕ್ಕ ಈ ಜಾಗದಲ್ಲಿ ಯಾವತ್ತೂ ಆಸೆಬುರುಕಿ, ಭಾವ ಮಹಾ ಜಾಗ್ರತೆಯ ಮನುಷ್ಯ. ಇಬ್ಬರ ಸ್ವಭಾವವನ್ನು ಈ ಚಕ್ರ ತೋರಿಸಿದಷ್ಟು ಚೆನ್ನಾಗಿ ಮತ್ತೇನೂ ತೋರಿಸಿಲ್ಲ.

ಇದನ್ನು ಕನ್ನಡದಲ್ಲಿ ಮಾಡಬಹುದೇ ಎಂದು ನಾವು ಕಾಗದದ ಮೇಲೆ ಪ್ರಯತ್ನಿಸಿದ್ದುಂಟು. ಸ್ವರವನ್ನು ಕೊಳ್ಳುವ ನಿಯಮವೇ ಅಲ್ಲಿ ಮುಗ್ಗರಿಸುತ್ತದೆ, ಏಕೆಂದರೆ ನಮ್ಮಲ್ಲಿ ಸ್ವರ ಪ್ರತ್ಯೇಕ ಮನೆಯಲ್ಲಿ ಕೂರುವುದಿಲ್ಲ, ವ್ಯಂಜನದ ತಲೆಯ ಮೇಲೋ ಪಕ್ಕದಲ್ಲೋ ಗುಣಿತವಾಗಿ ಅಂಟಿಕೊಳ್ಳುತ್ತದೆ. ಒತ್ತಕ್ಷರ ಬಂದರೆ ಒಂದೇ ಮನೆಯಲ್ಲಿ ಇಬ್ಬರು. ಕೊನೆಗೆ ವ್ಯಂಜನವನ್ನು ತಲೆಕಟ್ಟು ಸಮೇತ ತೋರಿಸಿ, ಕೊಂಡಾಗ ಮಾತ್ರ ಗುಣಿತವನ್ನು ಹಚ್ಚುವುದೆಂದು ಒಪ್ಪಂದವಾಯಿತು. ‘ಕಡಲ ಕಲ’ ಎಂದು ನಿಂತದ್ದನ್ನು ‘ಕಡಲೆ ಕಾಳು’ ಎಂದು ಓದಲು ಎಲ್ಲರೂ ತಡವರಿಸಿದ್ದು ನೋಡಿದರೆ, ಯಾರಾದರೂ ಸರಿಯಾಗಿ ರೂಪಿಸಿದರೆ ಇಂಗ್ಲಿಷಿಗಿಂತ ಸೊಗಸಾದ ಆಟವಾದೀತು ಅನ್ನಿಸುತ್ತದೆ. ಳಕಾರವನ್ನು ಲಕಾರವಾಗಿ ಬರೆದವರು ಯಾರೆಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.

ಇನ್ನು ಡೀಲ್ ಆರ್ ನೋ ಡೀಲ್. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, 2005ರ ಡಿಸೆಂಬರ್ 19ರಂದು ಹೋವಿ ಮ್ಯಾಂಡೆಲ್ ಅವರೊಂದಿಗೆ ಎನ್‌ಬಿಸಿಗೆ ಬಂದ, ಅದೇ ವರ್ಷ ಮಾಧವನ್ ಅವರ ನಿರೂಪಣೆಯಲ್ಲಿ ಸೋನಿಯಲ್ಲೂ ಪ್ರಸಾರವಾದ ಈ ಶೋನಲ್ಲಿ ಒಂದು ಪ್ರಶ್ನೆಯೂ ಇಲ್ಲ. ಅಮೆರಿಕದ ಆವೃತ್ತಿಯಲ್ಲಿ 26 ಪೆಟ್ಟಿಗೆಗಳು, ಒಳಗೆ 1 ಸೆಂಟಿನಿಂದ 10 ಲಕ್ಷ ಡಾಲರಿನವರೆಗಿನ ಮೊತ್ತಗಳು. ಒಂದನ್ನು ನಮ್ಮದೆಂದು ಇಟ್ಟುಕೊಂಡು ಮೊದಲ ಸುತ್ತಿನಲ್ಲಿ 6, ಆಮೇಲೆ 5, 4, 3, 2, ಮುಂದೆ ಒಂದೊಂದಾಗಿ ಉಳಿದವನ್ನು ತೆರೆಯುತ್ತ ಹೋಗಬೇಕು. ಪ್ರತಿ ಸುತ್ತಿನ ಕೊನೆಗೆ ಬ್ಯಾಂಕರ್ ಒಂದು ಬೆಲೆ ಹೇಳುತ್ತಾನೆ. ಜ್ಞಾನವೇ ಬೇಡದ ಆಟವೆಂದು ಬಹಳ ಮಂದಿ ಇದನ್ನು ಹಳಿದಿದ್ದಾರೆ. ಆಟಿಕೆಯ ಮಟ್ಟಿಗೆ ಅದೇ ಅದರ ಬಲ: ಹಳಸುವ ಪ್ರಶ್ನೆ ಇಲ್ಲ, ಬದಲಾಗುವ ಉತ್ತರ ಇಲ್ಲ, 26 ಸಂಖ್ಯೆಗಳನ್ನು ಕಲಸಿ ಹಂಚಿದರೆ ಸಾಕು, ಎಷ್ಟು ಸಾವಿರ ಸಲ ಆಡಿದರೂ ಹಂಚಿಕೆ ಹೊಸದು. ಬ್ಯಾಂಕರನೂ ಯಂತ್ರಕ್ಕೆ ಒಗ್ಗಿದ ಪಾತ್ರ. ಟಿವಿಯಲ್ಲೂ ಅವನು ನೆರಳಿನಲ್ಲಿ ಕೂತ ಒಂದು ಫೋನು ಮಾತ್ರ, ಅವನ ಬೆಲೆಯೂ ಉಳಿದ ಮೊತ್ತಗಳ ಸರಾಸರಿಯ ಒಂದು ಪಾಲು. 26 ಮೊತ್ತಗಳನ್ನೂ ಕೂಡಿ ಭಾಗಿಸಿದರೆ ಶುರುವಿನಲ್ಲಿ ಸರಾಸರಿ 1,31,477 ಡಾಲರು ಬರುತ್ತದೆ, ಆದರೆ ಮೊದಲ ಸುತ್ತುಗಳಲ್ಲಿ ಬ್ಯಾಂಕರ್ ಅದರ ಸಣ್ಣ ಚೂರನ್ನಷ್ಟೇ ಕೊಡಲು ಒಪ್ಪುತ್ತಾನೆ. ಆಟ ಮುಂದುವರಿದಂತೆ ಅವನ ಕೈ ಬಿಗಿತ ಸಡಿಲವಾಗುತ್ತದೆ. ಬೇಗ ಒಪ್ಪಿದವರಿಗೆ ನಷ್ಟ, ಟಿವಿಗೆ ಬೇಕಾದದ್ದೂ ಬೇಗ ಒಪ್ಪದವರೇ.

ಆದರೂ ಮೊದಲ ಸಲ ಆಡಿದಾಗ ಇದು ಸಪ್ಪೆಯಾಗಿಯೇ ಇತ್ತು. ಸಿಗದ ಹಣಕ್ಕೆ ಹೆದರುವವರು ಯಾರು? ಕೊನೆಗೆ 1 ಡಾಲರು ಮತ್ತು 10 ಲಕ್ಷ ಮಾತ್ರ ಉಳಿದು, ಬ್ಯಾಂಕರ್ 4 ಲಕ್ಷ ಕೊಡುತ್ತೇನೆಂದರೂ ಮನೆಮಂದಿಯೆಲ್ಲ ಒಕ್ಕೊರಲಿನಿಂದ ನೋ ಡೀಲ್ ಎಂದು ಕೂಗುತ್ತಾರೆ. ಸ್ಟುಡಿಯೋದಲ್ಲಿ ಅದೇ ಜಾಗದಲ್ಲಿ ನಿಂತವರ ಕಾಲು ನಡುಗುವುದನ್ನು ನಾವು ನೋಡಿದ್ದೇವೆ. 2008ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ರಿಚರ್ಡ್ ಥೇಲರ್ ಸೇರಿದಂತೆ ನಾಲ್ವರು ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸ್, ಜರ್ಮನಿ, ಅಮೆರಿಕದ ಇದೇ ಶೋನ ಸ್ಪರ್ಧಿಗಳನ್ನು ಅಧ್ಯಯನ ಮಾಡಿ, ದೊಡ್ಡ ಮೊತ್ತಗಳನ್ನು ಕಳೆದುಕೊಂಡವರು ಹಿಂದಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆಂದು ತೋರಿಸಿದರು. ಅವರು ವಿದ್ಯಾರ್ಥಿಗಳ ಮೇಲೆ ಮೊತ್ತವನ್ನು ಹಲವು ಪಟ್ಟು ಕುಗ್ಗಿಸಿ ನಡೆಸಿದ ಪ್ರಯೋಗದಲ್ಲೂ ವರ್ತನೆ ಹೆಚ್ಚುಕಡಿಮೆ ಅದೇ ಆಗಿತ್ತು. ಅಂದರೆ ಹಣ ದೊಡ್ಡದಿರಲೇಬೇಕೆಂದಿಲ್ಲ, ನಿಜವಾಗಿದ್ದರೆ ಸಾಕು. ಇದನ್ನು ಓದಿದ ಮೇಲೆ ನಾವು ಒಂದು ಪಣ ಇಟ್ಟೆವು: ಸರದಿಯಲ್ಲಿ ಅತಿ ಕಡಿಮೆ ಗಳಿಸಿದವರು ಆ ರಾತ್ರಿಯ ಪಾತ್ರೆ ತೊಳೆಯಬೇಕು. ಅಲ್ಲಿಯವರೆಗೆ ಎದೆಯುಬ್ಬಿಸಿ ನೋ ಡೀಲ್ ಎನ್ನುತ್ತಿದ್ದ ಭಾವ, ಬಿಸಿಬೇಳೆಬಾತಿನ ತಳ ಹಿಡಿದ ಕುಕ್ಕರ್ ಸಿಂಕಿನಲ್ಲಿರುವುದನ್ನು ನೋಡಿ, ಮೂರನೆಯ ಸುತ್ತಿಗೇ 38,000ಕ್ಕೆ ಡೀಲ್ ಎಂದುಬಿಟ್ಟರು.

ಈಗ ಇಂಥ ಪೆಟ್ಟಿಗೆಗಳ ಜಾಗಕ್ಕೆ ಫೋನು ಬಂದಿದೆ. 2017ರ ಕೌನ್ ಬನೇಗಾ ಕರೋಡ್‌ಪತಿಯ ಹೊತ್ತಿಗೆ ಟಿವಿಯಲ್ಲಿ ಕೇಳಿದ ಪ್ರಶ್ನೆಗೆ ಅದೇ ಕ್ಷಣದಲ್ಲಿ ಮೊಬೈಲಿನಲ್ಲಿ ಉತ್ತರ ಒತ್ತುವ ಏರ್ಪಾಡಾಯಿತು. ಪ್ರಶ್ನೆ ಹಳಸುವುದಿಲ್ಲ, ಬಹುಮಾನವೂ ಇದೆ. ಆದರೆ ಪ್ರಸಾರ ಇಲ್ಲದ ಹೊತ್ತಿನಲ್ಲಿ ಆಡಲು ಅಲ್ಲಿ ಏನೂ ಉಳಿಯುವುದಿಲ್ಲ. ಹಳೆಯ ಪೆಟ್ಟಿಗೆಗಳನ್ನು ಉಳಿಸುವ ಕೆಲಸವನ್ನು ಹಳೆಯ ಆಟದ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಮೇಮ್ ಎಂಬ ಎಮ್ಯುಲೇಟರಿನ ಸ್ವಯಂಸೇವಕರು ಮಾಡುತ್ತಿದ್ದಾರೆ. ಅಂಟಿನ ಬೊಟ್ಟಿನೊಳಗಿನ ಪ್ರೋಗ್ರಾಮನ್ನು ಹೊರತೆಗೆಯುವುದು ಸುಲಭವಲ್ಲ, ತಾಳ್ಮೆಯ ಜನ ಅವರು.

ಯಾರಿಗಾದರೂ ಇಂಥದ್ದು ಹಳೆಯ ಸಾಮಾನಿನಲ್ಲಿ ಸಿಕ್ಕರೆ ಮೊದಲು ಸೆಲ್ಲಿನ ಗೂಡನ್ನು ತೆರೆದು ನೋಡಬೇಕು. ಮಕ್ಕಳ ಕೈಗೆ ಸಿಗಬಾರದೆಂದು ಅದಕ್ಕೊಂದು ಸ್ಕ್ರೂ ಇರುತ್ತದೆ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪೊರೆ ಕಟ್ಟಿದ್ದರೆ ಹತ್ತಿಯಲ್ಲಿ ವಿನೆಗರನ್ನೋ ನಿಂಬೆರಸವನ್ನೋ ಅದ್ದಿ ಒರೆಸಿದರೆ ಹೋಗುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ಸೆಲ್ ಸೋರಿದ್ದು ಆಮ್ಲದ ಸ್ವಭಾವದ್ದಾದ್ದರಿಂದ ಅದಕ್ಕೆ ಅಡುಗೆ ಸೋಡಾದ ನೀರು ಬೇಕು. ಎಷ್ಟೋ ಹೊಸ ಟಿವಿಗಳಲ್ಲಿ ಹಳದಿ ಬಿಳಿ ತೂತುಗಳಿಲ್ಲ, ಅಂಥವಕ್ಕೆ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಕೊಳ್ಳಬೇಕಾಗುತ್ತದೆ; ಅದರಿಂದ ಚಿತ್ರ ಒಂದು ಗಳಿಗೆ ತಡವಾಗಿ ಬರುತ್ತದೆಂಬುದನ್ನು ತಿಳಿದಿರಬೇಕು. ಪೆಟ್ಟಿಗೆ ತೆರೆಯುವ ಆಟಕ್ಕೆ ಆ ತಡದಿಂದ ಏನೂ ಆಗುವುದಿಲ್ಲ, ಯಾರು ಮೊದಲು ಗುಂಡಿ ಒತ್ತುತ್ತಾರೆಂಬ ಆಟದಲ್ಲಿ ಮಾತ್ರ ಅಕ್ಕನ ಮಗ ಇವತ್ತಿಗೂ ತಾನು ಸೋತದ್ದಕ್ಕೆ ಅಡಾಪ್ಟರೇ ಕಾರಣ ಎನ್ನುತ್ತಾನೆ.